ಹೊರಡುವ ಮುನ್ನದ ಬಸ್ಸು
ಪರದೇಶದ ಮನೆಯೊಂದರಲ್ಲಿ ವರ್ಷವಿಡೀ ಮಗನಾಗಿ, ಮಗಳಾಗಿ ಇದ್ದ ಮಕ್ಕಳನ್ನು ಬೀಳ್ಕೊಡುವುದು ಹೇಗೆ? ಐವತ್ತು, ಅರವತ್ತರ ದಶಕಗಳಲ್ಲಿ ಎಎಫ್‌ಎಸ್ ಸಂಸ್ಥೆ ಕಂಡುಕೊಂಡಿದ್ದ ದಾರಿ ನನಗೆ ಬಹಳ ಇಷ್ಟ. ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಸ್ವಯಂಸೇವಕ ಆಂಬುಲೆನ್ಸ್ ಚಾಲಕರ ಸಂಸ್ಥೆ ಅದು. 1947ರಿಂದ ಹೊರದೇಶಗಳ ಹೈಸ್ಕೂಲು ಮಕ್ಕಳನ್ನು ಅಮೆರಿಕದ ಮನೆಗಳಿಗೆ ಕರೆಸತೊಡಗಿತು. ಶಾಲೆಯ ವರ್ಷ ಮುಗಿದ ಕೂಡಲೇ ಅವರನ್ನು ಊರಿಗೆ ಅಟ್ಟುತ್ತಿರಲಿಲ್ಲ. ನಾನಾ ದೇಶಗಳ ಮಕ್ಕಳನ್ನು ಒಂದೇ ಬಸ್ಸಿಗೆ ಹತ್ತಿಸಿ, ಊರಿಂದೂರಿಗೆ ಕರೆದೊಯ್ದು, ದಾರಿಯುದ್ದಕ್ಕೂ ಹೊಸ ಮನೆಗಳಲ್ಲಿ ಇಳಿಸುತ್ತಿದ್ದರು. ವರ್ಷವೆಲ್ಲ ಅಮ್ಮನಂತೆ ಬಡಿಸಿದವಳನ್ನು ಬಿಟ್ಟುಬಂದ ಸಂಕಟ ಹೇಳಿಕೊಳ್ಳಲು, ಅದೇ ಸಂಕಟ ಹೊತ್ತ ಇನ್ನೊಬ್ಬರು ಪಕ್ಕದ ಸೀಟಿನಲ್ಲೇ ಇರುತ್ತಿದ್ದರು. ಅವರಲ್ಲಿ ಕೆಲವರ ಅಪ್ಪಂದಿರು ಯುದ್ಧದಲ್ಲಿ ಎದುರುಬದುರಾಗಿ ನಿಂತವರೂ ಇದ್ದಿರಬೇಕು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಕೊನೆಗೆ ಬಸ್ಸುಗಳು ವಾಷಿಂಗ್ಟನ್ ತಲುಪುತ್ತಿದ್ದವು. 1963ರ ಜುಲೈನಲ್ಲಿ ಅಧ್ಯಕ್ಷ ಕೆನಡಿಯವರೇ ಶ್ವೇತಭವನದ ಹುಲ್ಲುಹಾಸಿನಲ್ಲಿ ಈ ಮಕ್ಕಳನ್ನು ಉದ್ದೇಶಿಸಿ ಮಾತನಾಡಿದರು. ಆ ಗೌರವಕ್ಕಿಂತ ದಾರಿಯ ದಿನಗಳೇ ದೊಡ್ಡವು ಎನ್ನುತ್ತೇನೆ. ಆ ದಿನಗಳಿಲ್ಲದೆ, ರಾತ್ರಿ ಒಂದು ಮನೆಯಲ್ಲಿ ಉಂಡು, ವಿಮಾನ ಹತ್ತಿ, ಮರುದಿನ ಇನ್ನೊಂದು ಮನೆಯಲ್ಲಿ ಉಣ್ಣುವಾಗ ಹದಿನೇಳರ ಹುಡುಗಿಗೆ ಅಳಲೂ ಪುರುಸೊತ್ತಿರುವುದಿಲ್ಲ. ಮಕ್ಕಳನ್ನು ಹೀಗೆ ಪರದೇಶದ ಮನೆಗಳಿಗೆ ಕಳಿಸುವವರು ಕೊನೆಯ ಒಂದು ವಾರವನ್ನಾದರೂ ಅವರು ಜೊತೆಜೊತೆಯಾಗಿ ಕಳೆಯಲು ಬಿಡಲಿ.