ಪರೀಕ್ಷೆಯಾದರೆ ದುಡ್ಡೇಕೆ, ಚಿಕಿತ್ಸೆಯಾದರೆ ಪುರಾವೆಯೆಲ್ಲಿ?

ಚಾಮರಾಜನಗರದ ಮಾನ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಹಾಗಾಗಿ ಬರ, ಪಹಣಿ, ಕುಡಿಯುವ ನೀರಿನ ಕಡತಗಳ ನಡುವೆ ಕೂದಲಿನ ಅಹವಾಲೊಂದನ್ನು ತಮ್ಮ ಮೇಜಿಗೆ ತರುತ್ತಿದ್ದೇನೆ.

ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ನುಣ್ಣಗಾದರೆ ನಮ್ಮ ಉಮ್ಮತ್ತೂರಿನಲ್ಲಿ ‘ಹುಳ ತಿಂದದ’ ಅನ್ನುತ್ತಾರೆ. ಅಲ್ಲಿ ಹುಳವೂ ಇಲ್ಲ, ಅದು ಅಂಟುವ ರೋಗವೂ ಅಲ್ಲ. ವೈದ್ಯರು ಅಲೋಪೇಶಿಯಾ ಏರಿಯೇಟಾ ಎನ್ನುವ ಈ ಕಾಯಿಲೆಯಲ್ಲಿ ಮೈ ಕಾಯಬೇಕಾದ ಟಿ-ಕೋಶಗಳೇ ಕೂದಲ ಬುಡದ ಮೇಲೆ ತಿರುಗಿಬೀಳುತ್ತವೆ. ನೂರರಲ್ಲಿ ಸುಮಾರು ಇಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಕೆಲವರಿಗೆ ತಲೆಯಿಡೀ ಬೋಳಾಗಿ ಹುಬ್ಬು, ರೆಪ್ಪೆಯೂ ಉದುರುತ್ತವೆ. ಆದರೂ ಕೂದಲ ಬೇರು ಸಾಯುವುದಿಲ್ಲ. ದಾಳಿ ನಿಂತರೆ ಮತ್ತೆ ಮೂಡಬಹುದು.

ಚಿಕಿತ್ಸೆಯ ಹೆಸರಿನ ಮೋಸಕ್ಕೆ ದಾರಿಯಾಗಿರುವುದೂ ಇದೇ. ಸಣ್ಣ ಬೋಳುಗಳು ಎಷ್ಟೋ ಜನರಲ್ಲಿ ವರ್ಷದೊಳಗೆ ತಾವಾಗಿಯೇ ತುಂಬಿಕೊಳ್ಳುತ್ತವೆ. ಅಷ್ಟರಲ್ಲಿ ಈರುಳ್ಳಿ ರಸ ತಿಕ್ಕಿದವರು ಈರುಳ್ಳಿಯನ್ನು ಹೊಗಳುತ್ತಾರೆ, ಮಾದಪ್ಪನಿಗೆ ಹರಕೆ ಹೊತ್ತವರು ಮಾದಪ್ಪನಿಗೆ ಕೈಮುಗಿಯುತ್ತಾರೆ, ದುಡ್ಡು ಕಟ್ಟಿ ಸೂಜಿ ಚುಚ್ಚಿಸಿಕೊಂಡವರು ಕ್ಲಿನಿಕ್ಕಿನ ಗುಣಗಾನ ಮಾಡುತ್ತಾರೆ. ಯಾವುದರಿಂದ ಬಂತೆಂದು ತಿಳಿಯಬೇಕಾದರೆ ಮದ್ದು ಪಡೆದವರ ಜೊತೆ ಪಡೆಯದವರನ್ನೂ ಇಟ್ಟು ಎಣಿಸಲೇಬೇಕು.

ನಮ್ಮ ಬೀದಿಯ ಕೂಲಿ ದಂಪತಿಯ ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ. ತಲೆಯಲ್ಲಿ ಬೋಳು ಕಂಡಾಗ ಅವಳನ್ನು ನಗರದ ಕ್ಲಿನಿಕ್ಕೊಂದಕ್ಕೆ ಕರೆದೊಯ್ದಿದ್ದ ಹೆತ್ತವರು ಅಲ್ಲಿ ಕೊಟ್ಟ ಚೀಟಿಯನ್ನು ಓದಿ ಹೇಳಿ ಎಂದು ನನ್ನ ಬಳಿ ತಂದರು. ಮೇಲೆ ದಪ್ಪಕ್ಷರದಲ್ಲಿ ‘ಸ್ಟೆಮ್ ಸೆಲ್ ಹೇರ್ ಪ್ಯಾಕೇಜ್’. ಕೆಳಗೆ ಮುಂಗಡ, ಬಾಕಿ, ‘ಹಣ ವಾಪಸ್ ಇಲ್ಲ’. ಯಾರ ಜೀವಕೋಶ, ಎಲ್ಲಿ ಬೆಳೆಸಿದ್ದು, ಹೆಚ್ಚುಕಮ್ಮಿಯಾದರೆ ಯಾರು ಹೊಣೆ ಎಂಬುದಕ್ಕೆ ಒಂದಕ್ಷರವಿಲ್ಲ. ವಿಚಾರಿಸಿದರೆ, ಹುಡುಗಿಯ ರಕ್ತವನ್ನೇ ತೆಗೆದು ಯಂತ್ರದಲ್ಲಿ ತಿರುಗಿಸಿ ತಲೆಗೆ ಚುಚ್ಚಿದ್ದರಂತೆ. ಹಾಗೆ ತೆಗೆಯುವುದು ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ, ಅಂದರೆ ಪಿಆರ್‌ಪಿ. ಅದನ್ನು ಸ್ಟೆಮ್ ಸೆಲ್ ಎಂದು ಮಾರುವುದು ಶುದ್ಧ ಸುಳ್ಳು. ‘ಹೆಣ್ಮಗ ಸಾ, ಸಾಲ ಆದ್ರೂ ಆಗ್ಲಿ’ ಎಂದರು ತಾಯಿ.

ಈ ಕಾಯಿಲೆಗೆ ನಿಜವಾದ ಸ್ಟೆಮ್ ಸೆಲ್ (ಆಕರ ಕೋಶ) ಬಳಸಿದ ಪರೀಕ್ಷೆಯೂ ನಡೆದಿದೆ. ರೋಗಿಯ ರಕ್ತದ ಬಿಳಿಕೋಶಗಳನ್ನು ಹೊಕ್ಕುಳಬಳ್ಳಿ ರಕ್ತದ ಸ್ಟೆಮ್ ಸೆಲ್‌ಗಳ ಸಂಪರ್ಕಕ್ಕೆ ತಂದು, ದಾಳಿಯ ಬುದ್ಧಿ ಬಿಡಿಸಿ, ಮರಳಿ ಮೈಗೆ ಸೇರಿಸುವ ವಿಧಾನವದು. ತೀವ್ರ ಕಾಯಿಲೆಯ 9 ಮಂದಿಯ ಮೇಲೆ ಪ್ರಯೋಗಿಸಿ, ಕೂದಲು ಮೂಡಿತೆಂದು 2015ರಲ್ಲಿ ವರದಿ ಮಾಡಿದರು. ಆಸೆ ಹುಟ್ಟಿಸುವ ಸುದ್ದಿ ನಿಜ. ಆದರೆ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಅದರಲ್ಲಿರಲಿಲ್ಲ. ಇದೇ ಕಾಯಿಲೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಬ್ಯಾರಿಸಿಟಿನಿಬ್ ಮಾತ್ರೆಯನ್ನು 1,200 ವಯಸ್ಕರ ಮೇಲೆ ಪರೀಕ್ಷಿಸಿದ್ದರು. 36 ವಾರಕ್ಕೆ ಹೆಚ್ಚಿನ ಡೋಸ್ ನುಂಗಿದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರ ತಲೆ ಬಹುಪಾಲು ತುಂಬಿತು. ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ ಏಳು ಮಂದಿಗೂ ಹಾಗಾಗಲಿಲ್ಲ. ಪುರಾವೆ ಎಂದರೆ ಇದು.

ನಮ್ಮ ರಾಜ್ಯದಲ್ಲೂ ಮಾದರಿ ಇದೆ. ಬೀಡಿ, ಸಿಗರೇಟು ಸೇದುವವರ ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಬರ್ಜರ್ಸ್ ಕಾಯಿಲೆಗೆ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಅಸ್ಥಿಮಜ್ಜೆಯ ಸ್ಟೆಮ್ ಸೆಲ್ ಸಿದ್ಧಪಡಿಸಿತು. ಹಂತಹಂತವಾಗಿ ಪರೀಕ್ಷೆ ನಡೆಸಿ, 2016ರಲ್ಲಿ ಔಷಧ ನಿಯಂತ್ರಕರಿಂದ ಸೀಮಿತ ಅನುಮತಿ ಪಡೆಯಿತು. ಕೂದಲಿಗೂ ಇದೇ ದಾರಿ, ಒಳದಾರಿ ಇಲ್ಲ.

ನಿಯಮಗಳೂ ಸ್ಪಷ್ಟವಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟು, ಅನುಮೋದನೆಯಿಲ್ಲದ ಸ್ಟೆಮ್ ಸೆಲ್ ಬಳಕೆ ಕ್ಲಿನಿಕಲ್ ಪರೀಕ್ಷೆಯೊಳಗೇ ನಡೆಯಬೇಕು. ಪರೀಕ್ಷೆಗೆ ನೈತಿಕ ಸಮಿತಿಯ ಒಪ್ಪಿಗೆ, ಕ್ಲಿನಿಕಲ್ ಪರೀಕ್ಷೆಗಳ ರಾಷ್ಟ್ರೀಯ ದಾಖಲೆಪಟ್ಟಿಯ (ಸಿಟಿಆರ್‌ಐ) ನೋಂದಣಿ ಸಂಖ್ಯೆ ಬೇಕು. ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹೊರಿಸುವಂತಿಲ್ಲ. ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ಹೊಸ ಔಷಧ ನಿಯಮಗಳು ಹೇಳುತ್ತವೆ. ಮಕ್ಕಳಾದರೆ ತಂದೆತಾಯಿಯ ಸಹಿಯಷ್ಟೇ ಸಾಲದು, ತಿಳಿವಳಿಕೆ ಬಂದ ಮಗುವಿನ ಒಪ್ಪಿಗೆಯೂ ಬೇಕು.

ತಮ್ಮಲ್ಲಿ ನನ್ನ ಕೋರಿಕೆ ಮೂರು.

ಒಂದು, ಕೂದಲಿಗೆ ಸ್ಟೆಮ್ ಸೆಲ್ ಎಂದು ಬೋರ್ಡು ಹಾಕಿ, ಕರಪತ್ರ ಹಂಚುವವರಿಂದ ಸಿಟಿಆರ್‌ಐ ಸಂಖ್ಯೆ, ನೈತಿಕ ಸಮಿತಿಯ ಪತ್ರ ಕೇಳಿ. ಇಲ್ಲವೆಂದರೆ ಕ್ರಮ ಕೈಗೊಳ್ಳಿ. ಕ್ಲಿನಿಕ್ ಬೇರೆ ಜಿಲ್ಲೆಯದಾದರೆ ಅಲ್ಲಿನ ಜಿಲ್ಲಾಧಿಕಾರಿಗೆ ಬರೆಯಿರಿ.

ಎರಡು, ‘ಕ್ಲಿನಿಕಲ್ ಪರೀಕ್ಷೆಗೆ ಹಣ ಕೊಡಬೇಡಿ’ ಎಂಬ ಕನ್ನಡ ಫಲಕವನ್ನು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಾಕಿಸಿ. ದೂರು ಕೊಡಬೇಕಾದ ವಿಳಾಸವೂ ಅದರಲ್ಲೇ ಇರಲಿ.

ಮೂರು, ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಸಿಮ್ಸ್) ಚರ್ಮರೋಗ ವೈದ್ಯರು ತಿಂಗಳಿಗೊಮ್ಮೆ ನಮಗೆ ಹತ್ತಿರದ ಸಂತೇಮರಹಳ್ಳಿಗೆ ಬರುವಂತೆ ಮಾಡಿ. ಸಣ್ಣ ಬೋಳುಗಳಿಗೆ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು ಹಳೆಯ, ಅಗ್ಗದ ಚಿಕಿತ್ಸೆ. ಅದು ಹತ್ತಿರದಲ್ಲೇ ಸಿಕ್ಕರೆ ಸಾಲ ಮಾಡಿ ನಗರಕ್ಕೆ ಓಡುವುದು ಕಡಿಮೆಯಾಗುತ್ತದೆ. ಮುಂದೆ ಎಲ್ಲಾದರೂ ನಿಯಮಬದ್ಧ ಸ್ಟೆಮ್ ಸೆಲ್ ಪರೀಕ್ಷೆ ಶುರುವಾದರೆ, ನಮ್ಮ ಹಳ್ಳಿಯವರಿಗೂ ಅದರಲ್ಲಿ ಸೇರುವ ಅವಕಾಶ ಆ ವೈದ್ಯರ ಮೂಲಕವೇ ಸಿಗಲಿ.

ಹೊಸ ಚಿಕಿತ್ಸೆ ಬೇಡವೆನ್ನುವವನು ನಾನಲ್ಲ. ಅದು ಬರಲಿ, ಪರೀಕ್ಷೆಯಾಗಿ ಬರಲಿ. ಅಲ್ಲಿಯತನಕ ಬಡವರ ಸಾಲದ ಮೇಲೆ ಪ್ರಯೋಗ ನಡೆಯದಂತೆ ತಡೆಯುವ ಅಧಿಕಾರ ತಮ್ಮ ಕೈಯಲ್ಲಿದೆ. ಪ್ರಾಧಿಕಾರದ ಮುಂದಿನ ಸಭೆಯಲ್ಲೇ ಈ ವಿಷಯ ಚರ್ಚೆಗೆ ತೆಗೆದುಕೊಂಡು, ತೀರ್ಮಾನವನ್ನು ಜನರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕ,
ಉಮ್ಮತ್ತೂರು