ಕಡಲಾಚೆಯ ಕೂಲಿಯೂ ನಮ್ಮ ದೇಶಾಭಿಮಾನವೂ

ರಾಷ್ಟ್ರವೆಂದರೆ ನೆಲವೇ ಹೊರತು, ಆ ನೆಲವನ್ನು ಬಿಟ್ಟುಹೋದವನಿಗೆ ಅದರಲ್ಲಿ ಪಾಲಿಲ್ಲವೆಂದು ವಾದಿಸುವ ಮಹನೀಯರು ನಮ್ಮಲ್ಲಿ ಇಂದಿಗೂ ಕಡಮೆಯಿಲ್ಲ. ಅಂಥವರು ಬನಾರಸೀದಾಸ ಚತುರ್ವೇದಿಯವರ ಪತ್ರಿಕಾಜೀವನವನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

1892ರಲ್ಲಿ ಫಿರೋಜಾಬಾದಿನಲ್ಲಿ ಜನಿಸಿದ ಈ ಹಿಂದೀ ಲೇಖಕರ ಕಣ್ಣು ತೆರೆಯಿಸಿದವರು ತೋತಾರಾಮ ಸನಾಢ್ಯರು. ಕರಾರಿನ ಕೂಲಿಯಾಗಿ ಫಿಜಿಗೆ ಹೋಗಿ, ಇಪ್ಪತ್ತೊಂದು ವರ್ಷಗಳ ತರುವಾಯ 1914ರಲ್ಲಿ ಹಿಂದಿರುಗಿದ ಅವರು ತಮ್ಮ ಕಥೆಯನ್ನು ಹೇಳಿದರು, ಚತುರ್ವೇದಿಯವರು ಬರೆದರು, ಪುಸ್ತಕದ ಮೇಲೆ ಅಚ್ಚಾದುದು ಕೂಲಿಯ ಹೆಸರು. ಲೇಖಕನು ತನ್ನ ಹೆಸರನ್ನು ಮರೆಸಿ ಅನ್ಯನ ದನಿಯನ್ನು ಕೇಳಿಸುವುದು ಸಾಹಿತ್ಯವಲ್ಲವೆಂದರೆ, ಸಾಹಿತ್ಯವೆಂಬುದು ಮತ್ತೇನು?

ಐದು ವರ್ಷಗಳ ಆ ಕರಾರನ್ನು ಕೂಲಿಗಳು ಗಿರ್ಮಿಟ್ ಎಂದು ಕರೆದರು. 1879ರಿಂದ 1916ರ ವರೆಗೆ ಸುಮಾರು 60,000 ಮಂದಿ ಹೀಗೆ ಫಿಜಿಗೆ ಸಾಗಿಸಲ್ಪಟ್ಟರು. ಗೊತ್ತುಮಾಡಿದ ಕೆಲಸ ಮುಗಿಯದಿದ್ದರೆ ಕೂಲಿಗೆ ಖೋತಾ. ಕೆಲಸಕ್ಕೆ ಬಾರದಿದ್ದರೆ ದಂಡ, ಇಲ್ಲವೆ ಸೆರೆಮನೆ. ಇಂಥ ಬರೆಹಗಳಿಂದಲೂ ಆಂಡ್ರೂಸ್ ಮತ್ತು ಪಿಯರ್‌ಸನ್ನರ ವರದಿಯಿಂದಲೂ ಲೋಕಮತವು ಕೆರಳಿತು. 1917ರಲ್ಲಿ ಕೂಲಿಗಳ ರವಾನೆಯು ನಿಂತಿತು. 1920ರ ಆರಂಭದಲ್ಲಿ ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದುವು.

ಇಲ್ಲಿಗೆ ಜಯಘೋಷ ಮಾಡಿ ಲೇಖಣಿಯನ್ನು ಕೆಳಗಿಡುವುದು ಸುಲಭವಾಗಿತ್ತು. ಪರಕೀಯನ ಅನ್ಯಾಯವನ್ನು ಖಂಡಿಸುವಷ್ಟು ದೇಶಾಭಿಮಾನವು ಎಲ್ಲರಲ್ಲಿಯೂ ಉಂಟಷ್ಟೆ! ಆದರೆ ಚತುರ್ವೇದಿಯವರು 1931ರಲ್ಲಿ ಭವಾನಿದಯಾಳ ಸನ್ಯಾಸಿಯವರೊಡನೆ, ದಕ್ಷಿಣ ಆಫ್ರಿಕೆಯಿಂದ ಸಹಾಯಧನ ಪಡೆದು ಮರಳಿದವರ ದುಃಸ್ಥಿತಿಯನ್ನು ಕುರಿತು ವರದಿಯನ್ನು ಪ್ರಕಟಿಸಿದರು. ಕಲಕತ್ತೆಯ ಮಟಿಯಾಬುರ್ಜಿನಲ್ಲಿಯಾದರೋ, ನಾನಾ ವಸಾಹತುಗಳಿಂದ ಬಂದವರು ಇಲ್ಲಿ ಬಾಳಲಾರದೆ ಪುನಃ ಹಡಗು ಹತ್ತಲು ಕಾದು ಕುಳಿತಿದ್ದರು. ತೋಟದ ಯಜಮಾನನು ಅವರನ್ನು ಕೂಲಿಗಳೆಂದನು. ಅವರ ಊರೋ, ಜಾತಿಗೆಟ್ಟವರೆಂದಿತು. ಇವುಗಳಲ್ಲಿ ಯಾವ ಮಾತು ಹೆಚ್ಚು ಕ್ರೂರವಾದುದು?

ಮನೆಯ ದೋಷವನ್ನು ಬೀದಿಯಲ್ಲಿ ಆಡಿದರೆ ರಾಷ್ಟ್ರಕ್ಕೆ ಕುಂದು ಎಂದು ಹೇಳುವವರುಂಟು. ಕುಂದು ಇರುವುದು ದೋಷದಲ್ಲಿ, ಆಡಿದ ಮಾತಿನಲ್ಲಲ್ಲ. 1928ರಲ್ಲಿ ಆರಂಭವಾದ 'ವಿಶಾಲ ಭಾರತ'ದ ಸಂಪಾದಕರಾಗಿದ್ದ, 1952ರಿಂದ 1964ರ ವರೆಗೆ ರಾಜ್ಯಸಭೆಯಲ್ಲಿ ಕುಳಿತ ಈ ಪುರುಷನನ್ನು ದೇಶದ್ರೋಹಿ ಎನ್ನುವ ಧೈರ್ಯ ಯಾರಿಗಿದೆ?

ಅದಂತಿರಲಿ. 2020ರಲ್ಲಿ ನಮ್ಮ ಹೆದ್ದಾರಿಗಳಲ್ಲಿ ಗಂಟುಮೂಟೆ ಹೊತ್ತು ನಡೆದವರು ಯಾವ ಕಡಲನ್ನೂ ದಾಟಿದವರಲ್ಲ. ಆದರೂ ಸ್ವದೇಶದಲ್ಲಿಯೇ ವಲಸೆಗಾರರೆನಿಸಿದರು. ದೂರದೇಶದಲ್ಲಿ ಐಶ್ವರ್ಯ ಗಳಿಸಿದವನಿಗೆ ಹಾರ ಹಾಕಿ ನಮ್ಮವನೆನ್ನುತ್ತೇವೆ. ನೆರೆನಾಡಿಗೆ ಗಾರೆಯ ಕೆಲಸಕ್ಕೆ ಹೋದವನ ಹೆಸರನ್ನೂ ಕೇಳೆವು. ವಾಚಕ ಮಹಾಶಯರೇ, ಹಾರದ ತೂಕದಿಂದ ಬಂಧುತ್ವವನ್ನು ಅಳೆಯುವ ಅಭಿಮಾನಕ್ಕೆ ದೇಶಾಭಿಮಾನವೆಂಬ ಹೆಸರು ಸಲ್ಲದು, ಅದು ವ್ಯಾಪಾರ.