ಇತಿಹಾಸ ಓದಿದವರಿಗೆ ವೇದಿಕೆ ಇಲ್ಲವೇ?



ನಮ್ಮೂರ ಪದವಿ ಕಾಲೇಜಿನ ವಾರ್ಷಿಕೋತ್ಸವದ ಸುದ್ದಿಯನ್ನು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಹಾಕಿದ್ದೀರಿ. ರಂಗೋಲಿಗೆ ಬಹುಮಾನ, ಹಗ್ಗಜಗ್ಗಾಟಕ್ಕೆ ಬಹುಮಾನ, ಬಿಸಿಎ ಮಕ್ಕಳ ಮೊಬೈಲ್ ಆ್ಯಪ್‌ಗೆ ‘ಅತ್ಯುತ್ತಮ ಪ್ರಾಜೆಕ್ಟ್’ ಫಲಕ. ಕೊಡಲಿ, ಸಂತೋಷ. ಅಂತಿಮ ಬಿ.ಎ. ಇತಿಹಾಸದ ಮಕ್ಕಳ ಹೆಸರು ಮಾತ್ರ ಎಲ್ಲೂ ಇಲ್ಲ. ನಿಮ್ಮ ವರದಿಗಾರರನ್ನು ದೂರುವುದಿಲ್ಲ. ವೇದಿಕೆಗೆ ಕರೆದಿದ್ದರೆ ತಾನೇ ಅವರು ಬರೆಯುವುದು?

ಆ ಮಕ್ಕಳು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆಂದು ತಾಲ್ಲೂಕಿನ ಹಳ್ಳಿಗಳನ್ನು ಕೈಯಿಂದ ಬಸ್ ಚಾರ್ಜು ಹಾಕಿಕೊಂಡು ಸುತ್ತಿದ್ದಾರೆ. ವೀರಗಲ್ಲು, ಮಾಸ್ತಿಗಲ್ಲು, ಕೆರೆ ತೂಬಿನ ಶಾಸನ ಎಲ್ಲವನ್ನೂ ಅಳೆದು, ಫೋಟೊ ತೆಗೆದು ಪಟ್ಟಿ ಮಾಡಿದ್ದಾರೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟವನ್ನು ಎದುರಿಗಿಟ್ಟುಕೊಂಡು, ಯಾವ ಕಲ್ಲು ಇದ್ದಲ್ಲೇ ಇದೆ, ಯಾವುದು ಕಾಣೆಯಾಗಿದೆ ಎಂದು ತಾಳೆ ನೋಡಿದ್ದಾರೆ. ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟ್ ಕೊಂಡು ರಟ್ಟು ಹಾಕಿಸುವ ಈ ಕಾಲದಲ್ಲಿ ಇದು ಸಣ್ಣ ಕೆಲಸವೇ?

ಮುಖ್ಯ ಅತಿಥಿಗಳೇನೋ ಇತಿಹಾಸ ಮರೆಯಬಾರದೆಂದು ಭರ್ಜರಿ ಭಾಷಣ ಬಿಗಿದರು. ರೈಸ್ 1892ರಲ್ಲಿ ಅಶೋಕನ ಶಾಸನ ಕಂಡ ಬ್ರಹ್ಮಗಿರಿ, ಮಯೂರಶರ್ಮನ ಕೆರೆ ಶಾಸನವಿರುವ ಚಂದ್ರವಳ್ಳಿ, 1947ರಲ್ಲಿ ವೀಲರ್ ಮಾಡಿದ ಉತ್ಖನನ, ಎಲ್ಲವೂ ಬಂತು, ಚಪ್ಪಾಳೆಯೂ ಬಿತ್ತು. ಇತಿಹಾಸದ ಮಕ್ಕಳು ಆಗ ಹಿಂದೆ ಕುರ್ಚಿ ಜೋಡಿಸುತ್ತಿದ್ದರು!

ಇನ್ನೊಂದು ಸಂಗತಿಯನ್ನೂ ಬರೆದೇಬಿಡುತ್ತೇನೆ. ಇದೇ ಪಟ್ಟಿಯ ಪ್ರತಿಯನ್ನು ಮಕ್ಕಳು ರಸ್ತೆ ಅಗಲೀಕರಣ ಶುರುವಾಗುವ ಮೊದಲೇ ಸಂಬಂಧಪಟ್ಟ ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಂಡಿದ್ದರು. ಉತ್ತರ ಬರಲಿಲ್ಲ. ಪಟ್ಟಿಯಲ್ಲಿದ್ದ ಒಂದು ವೀರಗಲ್ಲು ಈಗ ಚರಂಡಿಗೆ ಹಾಸುಗಲ್ಲಾಗಿದೆ. ಶತ್ರುಗಳಿಂದ ತುರು ಬಿಡಿಸಿ ಸತ್ತವನ ಮೇಲೆ ನಾವು ಸ್ಕೂಟರ್ ಓಡಿಸುತ್ತಿದ್ದೇವೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೇ ಶತಮಾನದ ಕಿತ್ತಯ್ಯನ ಶಾಸನ ಸಿಕ್ಕಾಗ ಅದನ್ನು ಉಳಿಸಿಕೊಂಡವರು ಅಲ್ಲಿನ ಆಸಕ್ತ ನಾಗರಿಕರು. ನಮ್ಮಲ್ಲಿ ಮಕ್ಕಳು ಬರೆದುಕೊಟ್ಟರೂ ಓದುವವರಿಲ್ಲ.

2024ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ನಾಲ್ಕನೇ ವರ್ಷದ ಸಂಶೋಧನೆಯ ಅವಕಾಶ ಅದರೊಟ್ಟಿಗೇ ಹೋಯಿತು. ಅದರ ಸರಿ ತಪ್ಪು ಬೇರೆ ಚರ್ಚೆ. ಇರುವ ಮೂರೇ ವರ್ಷದಲ್ಲಿ ಇಷ್ಟು ಮಾಡಿದವರಿಗೆ ಒಂದು ಹಾರ, ಒಂದು ಪುಸ್ತಕ ಕೊಡಲೂ ನಮ್ಮವರ ಕೈ ಬರಲಿಲ್ಲ. ಕೆಲಸ ಸಿಗದ ವಿಷಯಕ್ಕೆ ಬಹುಮಾನವೇಕೆ ಎಂದು ಸಮಿತಿಯವರೊಬ್ಬರು ನಕ್ಕರಂತೆ. ಹಗ್ಗ ಎಳೆದರೆ ಯಾವ ಕೆಲಸ ಸಿಗುತ್ತದೋ ಅವರೇ ಹೇಳಬೇಕು.

ಮೌಖಿಕ ಪರೀಕ್ಷೆ ಮುಗಿದ ಮೇಲೆ ಇಂಥ ವರದಿಗಳು ರದ್ದಿಗೆ ಹೋಗುವುದನ್ನು ಸೇವೆಯಲ್ಲಿದ್ದಾಗ ಕಣ್ಣಾರೆ ಕಂಡಿದ್ದೇನೆ. ಇದೂ ಹಾಗಾಗುವ ಮೊದಲು ಕಾಲೇಜಿನವರು ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ, ಮತ್ತೊಂದನ್ನು ಪುರಾತತ್ವ ಇಲಾಖೆಗೆ ಕಳಿಸಲಿ. ತಾವೂ ದಯವಿಟ್ಟು ಆ ಮಕ್ಕಳನ್ನು ಮಾತನಾಡಿಸಿ, ರಂಗೋಲಿಗೆ ಕೊಟ್ಟಷ್ಟಾದರೂ ಜಾಗವನ್ನು ಆ ವೀರಗಲ್ಲುಗಳ ಪಟ್ಟಿಗೆ ಕೊಡಿ.

– ನಿವೃತ್ತ ಇತಿಹಾಸ ಅಧ್ಯಾಪಕ, ಚಿತ್ರದುರ್ಗ ಜಿಲ್ಲೆ